ಕಾಗದದ ಕಪಾಟು

ಮನೆಗಿಂತ ಟಿವಿ ದೊಡ್ಡದಾದರೆ ಏನು ಮಾಡಬೇಕು ಎಂದು ಯಾವ ಅಂಗಡಿಯವನೂ ಹೇಳಿಕೊಡುವುದಿಲ್ಲ. ಪರದೆ ಅಕ್ಕನ ಮನೆಗೆ ಬಂದ ಟಿವಿ ಅಂಗಡಿಯಿಂದ ಬಂದದ್ದೂ ಅಲ್ಲ. ಗಂಡನ ಅಕ್ಕ ಬೇರೆ ಊರಿಗೆ ವರ್ಗವಾಗಿ ಹೋಗುವಾಗ, "ಇದನ್ನ ಹೊತ್ಕೊಂಡು ಹೋಗೋ ಶಕ್ತಿ ನಂಗಿಲ್ಲ, ನೀವೇ ಇಟ್ಕೊಳ್ಳಿ" ಎಂದು ದಾಟಿಸಿದ್ದು. ಜೊತೆಗೆ ಎರಡು ಉದ್ದನೆಯ ಸ್ಪೀಕರುಗಳು, ಯಾವುದಕ್ಕೆ ಯಾವುದು ಎಂದು ಯಾರಿಗೂ ಗೊತ್ತಿಲ್ಲದ ಒಂದು ಚೀಲ ವೈರು. ಹೊತ್ತು ತಂದವರು ಸುತ್ತಮುತ್ತ ನೋಡಿ, ಬೇರೆ ಜಾಗ ಕಾಣದೆ, ಪರದೆ ಅಕ್ಕ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅದನ್ನು ಕೂರಿಸಿ ಕೈ ಒರೆಸಿಕೊಂಡು ಹೋದರು. ಅಂದಿನಿಂದ ಅವಳ ಕತ್ತರಿ, ಟೇಪು, ಬಟ್ಟೆ ಎಲ್ಲವೂ ನೆಲಕ್ಕಿಳಿದವು.

ಕಿಟಕಿ ಪರದೆ, ಸೋಫಾ ಗವಸು, ದಿಂಬಿನ ಚೀಲ ಹೊಲಿಯುವುದು ಅವಳ ಉದ್ಯೋಗ. ಆ ಬೀದಿಯ ಮುಕ್ಕಾಲು ಮನೆಗಳ ಗುಟ್ಟು ಕಾಯುವುದು ಅವಳು ಹೊಲಿದ ಬಟ್ಟೆಯೇ. ಹಾಗಾಗಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರ ಬಾಯಲ್ಲೂ ಅವಳು ಪರದೆ ಅಕ್ಕ. ಗಂಡ ಲಿಫ್ಟ್ ರಿಪೇರಿಯವನು. ದಿನವಿಡೀ ಕಂಡವರನ್ನೆಲ್ಲ ಮೇಲೆ ಕೆಳಗೆ ಓಡಾಡಿಸಿ, ಸಂಜೆ ಮನೆಗೆ ಬಂದು ಸೋಫಾದ ಒಂದೇ ಮೂಲೆಯಲ್ಲಿ ಕೂರುವ ಮನುಷ್ಯ. ಮಾತು ಕಡಿಮೆ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟರೂ ಅದರಲ್ಲಿ ಅರ್ಧವನ್ನು ಬಾಯೊಳಗೇ ಉಳಿಸಿಕೊಳ್ಳುವವನು.

"ಒಂದು ಕಪಾಟು ಮಾಡಿಸ್ಬೇಕು," ಎಂದ ಟಿವಿ ಬಂದ ಮಾರನೇ ದಿನ. ಅವನ ಮಟ್ಟಿಗೆ ಅದು ಭಾಷಣ.

ಬಂದವನು ಆಯ್ತು ಮೇಸ್ತ್ರಿ. ಯಾರು ಏನು ಕೇಳಿದರೂ "ಆಯ್ತು" ಅನ್ನುವ ಬಡಗಿ. ಒಮ್ಮೆ ಒಂದು ಮನೆಯಲ್ಲಿ ಅತ್ತೆ ಬೀರುವಿನ ಬಾಗಿಲು ಎಡಕ್ಕೆ ತೆರೆಯಬೇಕು ಅಂದರಂತೆ, ಸೊಸೆ ಬಲಕ್ಕೆ ಅಂದಳಂತೆ. ಇವನು ಇಬ್ಬರಿಗೂ ಆಯ್ತು ಅಂದ. ಆ ಬೀರುವಿಗೆ ಇವತ್ತಿಗೂ ಎರಡು ಕಡೆ ಹಿಡಿಕೆಗಳಿವೆ, ಯಾವ ಕಡೆಯಿಂದಲೂ ಸರಿಯಾಗಿ ತೆರೆಯುವುದಿಲ್ಲ. ಅಲ್ಲಿ ಸಿಕ್ಕಿದ ಮಂಗಳಾರತಿಯ ನಂತರ ಅವನು ಎರಡು ಪಾಠ ಕಲಿತ. ಒಂದು, ಒಬ್ಬರು ಹೇಳಿದ್ದನ್ನು ಇನ್ನೊಬ್ಬರ ಕಿವಿಗೆ ಹಾಕಬಾರದು. ಎರಡು, ಗರಗಸ ಮುಟ್ಟುವ ಮೊದಲು ಇಡೀ ಕಪಾಟನ್ನು ಕಾಗದದಲ್ಲಿ ಮಾಡಿ ಗೋಡೆಗೆ ಅಂಟಿಸಬೇಕು.

ಅದನ್ನೇ ಈಗ ಮಾಡಿದ. ಕಂದು ಕಾಗದದ ಸುರುಳಿ ಬಿಚ್ಚಿ, ನಿಜವಾದ ಅಳತೆಯಲ್ಲೇ ಟಿವಿಗೆ ಒಂದು, ಸ್ಪೀಕರಿಗೆ ಎರಡು, ಬಾಗಿಲುಗಳಿಗೆ, ಡ್ರಾಯರುಗಳಿಗೆ, ಹಲಗೆಗಳಿಗೆ ಎಂದು ಕತ್ತರಿಸಿ, ಎದುರಿನ ಗೋಡೆಯ ತುಂಬ ಟೇಪಿನಿಂದ ಅಂಟಿಸಿದ. ಓರೆಯಾಗಿಲ್ಲವಷ್ಟೇ ಎಂದು ರಸಮಟ್ಟ ಇಟ್ಟು ನೋಡಿದ. ಹಿಂದೆ ಹೋಗಿ ಒಂದು ಕಣ್ಣು ಮುಚ್ಚಿ ನೋಡಿದ. ಕಾಗದಕ್ಕೆ ಇಷ್ಟೆಲ್ಲ ಉಪಚಾರ ಮಾಡುವವನನ್ನು ಪರದೆ ಅಕ್ಕ ನೋಡಿರಲಿಲ್ಲ.

"ಅಕ್ಕಾ, ಮರ ಕುಯ್ದ ಮೇಲೆ ಮನಸ್ಸು ಬದಲಾದ್ರೆ ನಂಗೂ ಕಷ್ಟ, ಮರಕ್ಕೂ ಕಷ್ಟ. ಅದ್ಕೇ ಮೊದ್ಲು ಕಾಗದದ ಜೊತೆ ಸಂಸಾರ ಮಾಡಿ. ಎದ್ದಾಗ, ಕೂತಾಗ, ಓಡಾಡುವಾಗ ನೋಡ್ತಾ ಇರಿ. ಏನ್ ಬೇಕು ಏನ್ ಬೇಡ ಅಂತ ಹೇಳಿ, ನಾನು ದಿನಾ ಬಂದು ಸರಿಸಿ ಹೋಗ್ತೀನಿ. ಶನಿವಾರ ಎಲ್ಲಾ ಪಕ್ಕಾ ಮಾಡಿ ಮರಕ್ಕೆ ಕೈ ಹಾಕೋಣ."

ಅದೇ ಸಂಜೆ ಗಂಡನ ಫೋನು ಬಡಿದುಕೊಂಡಿತು. ಅವನು ಬಾಲ್ಕನಿಗೆ ಹೋಗಿ ಮಾತಾಡಿದ. ಮಾತಾಡಿದ ಅನ್ನುವುದಕ್ಕಿಂತ ಕೇಳಿಸಿಕೊಂಡ. ಒಳಗೆ ಬಂದವನ ಮುಖದಲ್ಲಿ ಏನೂ ಇರಲಿಲ್ಲ. ಏನೂ ಕಾಣಿಸಬಾರದೆಂದು ಒರೆಸಿಕೊಂಡು ಬಂದವನ ಹಾಗಿದ್ದ.

"ಮಕ್ಕಳ ಮನೆಯಿಂದ," ಎಂದ. "ಹುಡುಗಿಯಂತೆ. ನಾಲ್ಕು ವರ್ಷದ್ದು."

ಅವಳ ಕೈಯಲ್ಲಿದ್ದ ಸೂಜಿ ಬಟ್ಟೆಯಲ್ಲೇ ನಿಂತಿತು.

"ಶನಿವಾರ ಮಧ್ಯಾಹ್ನದೊಳಗೆ ಹೇಳ್ಬೇಕಂತೆ. ನಾವು ಬೇಡ ಅಂದ್ರೆ ಮುಂದಿನವರನ್ನ ಕೇಳ್ತಾರಂತೆ."

"ಹೂಂ," ಎಂದಳು ಅವಳು.

"ಹೂಂ," ಎಂದ ಅವನು. ಆಮೇಲೆ ಕೈ ತೊಳೆಯಲು ಹೋದ. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು.

ಗಂಡ ಹೆಂಡಿರ ನಡುವೆ ಹೀಗೂ ಉಂಟೇ ಎಂದು ನಿಮಗೆ ಅನ್ನಿಸಬಹುದು. ಇವರ ಮಟ್ಟಿಗೆ ಉಂಟು. ಹಿಂದೊಮ್ಮೆ ಇದೇ ಮನೆಯಲ್ಲಿ ಒಂದು ಮಗುವಿಗಾಗಿ ಎಲ್ಲವೂ ಸಿದ್ಧವಾಗಿತ್ತು. ಒಳಗಿನ ಕೋಣೆಗೆ ಹೊಸ ಬಣ್ಣ ಬಳಿದಿದ್ದರು, ಕಂಬಿಗಳಿರುವ ಪುಟ್ಟ ಮಂಚ ತಂದಿದ್ದರು, ಅವಳು ಅಂಗೈಯಗಲದ ಹೂಗಳಿರುವ ಪರದೆ ಹೊಲಿದಿದ್ದಳು. ಮಗು ದಿನ ತುಂಬುವ ಮೊದಲೇ ಬಂತು. ಬಂತು ಆದರೆ ಉಸಿರಾಡಲಿಲ್ಲ. ಅವಳು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಒಂದು ಮಧ್ಯಾಹ್ನ ಗಂಡ ಆ ಮಂಚದ ಮುಂದೆ ನೆಲದ ಮೇಲೆ ಕೂತು, ಒಂದೊಂದೇ ಸ್ಕ್ರೂ ಬಿಚ್ಚಿ, ತಟ್ಟೆಯಲ್ಲಿ ಹಾಕಿಟ್ಟ. ತಟ್ಟೆಗೆ ಸ್ಕ್ರೂ ಬೀಳುವ ಸದ್ದನ್ನು ಅವಳು ಗೋಡೆಯ ಈಚೆಯಿಂದ ಕೇಳಿಸಿಕೊಂಡಿದ್ದಳು. ಅಂದಿನಿಂದ, ಬಾರದವರಿಗಾಗಿ ಏನನ್ನೂ ಸಿದ್ಧ ಮಾಡುವುದಿಲ್ಲ ಎಂಬ ಒಪ್ಪಂದ ಒಂದು ಮಾತೂ ಆಡದೆ ಇಬ್ಬರ ನಡುವೆ ಆಗಿಹೋಗಿತ್ತು. ಮಕ್ಕಳ ಮನೆಯಿಂದ ಮಗುವನ್ನು ದತ್ತು ಪಡೆಯಲು ಅರ್ಜಿ ಹಾಕಿದಾಗಲೂ ಅಷ್ಟೇ. ಸಹಿ ಹಾಕಿದರು, ಮನೆ ನೋಡಲು ಬಂದವರಿಗೆ ಕಾಫಿ ಕೊಟ್ಟರು, ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಎತ್ತಿದರೆ ಒಡೆದುಹೋಗುತ್ತದೆಂಬ ಭಯ.

ಈಗ ಮೊದಲು ಬಾಯಿ ಬಿಡಬೇಕಾದವರು ಯಾರು? ಅವನೇ ಹೇಳಲಿ ಎಂದು ಅವಳು ಕಾದಳು. ಹೋದ ಸಲ ಬಣ್ಣ, ಮಂಚ, ಪರದೆ ಎಂದು ಕುಣಿದವಳು ತಾನು. ಬಿಚ್ಚಿದ ಕೈ ಮಾತ್ರ ಅವನದು. ಈ ಸಲ ತಾನು ಬೇಕು ಅಂದರೆ ಅವನು ಹೆಂಡತಿಯ ಸಲುವಾಗಿ ಹೂಂ ಅಂದುಬಿಡುತ್ತಾನೆ. ಅವಳಿಗೆ ಆ ಹೂಂ ಬೇಡವಾಗಿತ್ತು. ತನಗಾಗಿಯೇ ಬೇಕು ಅನ್ನುವ ಅಪ್ಪ ಬೇಕಾಗಿತ್ತು.

ಮಾರನೇ ದಿನ ಗಂಡ ಕೆಲಸಕ್ಕೆ ಹೋದ ಮೇಲೆ ಅವಳು ನೆಲದ ಮೇಲೆ ತಿಳಿನೀಲಿ ಬಟ್ಟೆ ಹಾಸಿಕೊಂಡು ಕೂತಳು. ಯಾರದೋ ಮನೆಯ ದೊಡ್ಡ ಕಿಟಕಿಗೆ ಬೇಕಾದ ಪರದೆ. ಬಟ್ಟೆ ಕೋಣೆಯ ಈ ತುದಿಯಿಂದ ಆ ತುದಿಗೆ ಹರಡಿತ್ತು. ಅದರ ನಡುವೆ ಮಂಡಿಯೂರಿ ಕತ್ತರಿ ಓಡಿಸುತ್ತ ಒಮ್ಮೆ ತಲೆ ಎತ್ತಿದಳು. ನೆಲದಿಂದ ನೋಡಿದರೆ ಅದು ಅವಳ ಮನೆಯೇ ಅಲ್ಲ. ಸೋಫಾ ಎತ್ತರದ ಕಟ್ಟೆಯಾಗಿತ್ತು. ಕಿಟಕಿಯಲ್ಲಿ ಎದುರುಮನೆ ಕಾಣದೆ ಬರೀ ಆಕಾಶ ಕಾಣುತ್ತಿತ್ತು. ಗೋಡೆಯ ಮೇಲಿನ ಕಪಾಟಿನ ಕೆಳಗಿನ ಕಾಗದಗಳು ಫ್ಯಾನಿನ ಗಾಳಿಗೆ ಮೆಲ್ಲಗೆ ಉಬ್ಬುತ್ತಿದ್ದವು, ಇಳಿಯುತ್ತಿದ್ದವು. ಒಳಗೆ ಯಾರೋ ಮಲಗಿದ್ದಾರೆ, ಸದ್ದು ಮಾಡಬಾರದು ಅನ್ನಿಸಿ ಅವಳು ಕತ್ತರಿಯನ್ನು ಬಟ್ಟೆಯ ಮೇಲೆ ಹಗುರವಾಗಿ ಇಟ್ಟಳು.

ಹಾಗೇ ತಲೆಯನ್ನೂ ಇಟ್ಟಳು. ಬಟ್ಟೆಗೆ ಹೊಸ ಗಂಜಿಯ ವಾಸನೆ. ಬೀದಿಯಲ್ಲಿ ಹೋದ ಯಾವುದೋ ಗಾಡಿಯ ಗಾಜಿನಿಂದ ಬೆಳಕಿನ ತುಂಡೊಂದು ಬಂದು ಟಿವಿಯ ಕಾಗದದ ಮೇಲೆ ಹರಿದಾಡಿ ಹೋಯಿತು. ಆ ದೊಡ್ಡ ಟಿವಿ ಮೇಜಿನ ಮೇಲೆ ಕರ್ರಗೆ ಸುಮ್ಮನೆ ಕೂತಿದ್ದರೆ, ಕಾಗದದ ಟಿವಿಯಲ್ಲಿ ಚಿತ್ರ ಬರುತ್ತಿತ್ತು. ಕಣ್ಣು ಮುಚ್ಚಿತೋ ಬಿಟ್ಟೇ ಇತ್ತೋ ಅವಳಿಗೆ ಗೊತ್ತಾಗಲಿಲ್ಲ. ಕೆಳಗಿನ ಕಾಗದದ ಬಾಗಿಲು ತೆರೆದುಕೊಂಡಿತು. ಒಳಗೆ ಕಪಾಟು ಗೋಡೆಗಿಂತ ಆಳವಾಗಿತ್ತು, ಬೆಳಗಿನ ಬೆಳಕು ತುಂಬಿದ ಓಣಿಯ ಹಾಗೆ. ಅಲ್ಲಿ ಒಂದು ಪುಟ್ಟ ಕೈ ಕಂಡಿತು. ಕೈ ಮಾತ್ರ, ಮುಖ ಹೇಗಿರುತ್ತದೆಂದು ಕನಸಿಗೂ ಗೊತ್ತಿರಲಿಲ್ಲ. ಆ ಕೈ ಅವಳ ಗುಂಡಿಗಳ ಡಬ್ಬಿಯಿಂದ ಒಂದೊಂದೇ ಗುಂಡಿ ತೆಗೆದು ಹಲಗೆಯ ಮೇಲೆ ಸಾಲಾಗಿ ಇಡುತ್ತಿತ್ತು. ಬಣ್ಣದ ಪ್ರಕಾರವಲ್ಲ, ಗಾತ್ರದ ಪ್ರಕಾರವೂ ಅಲ್ಲ. ಆದರೆ ಒಂದು ಕ್ರಮವಿತ್ತು. ಒಂದನ್ನು ಇಟ್ಟು, ತಪ್ಪಾಯಿತೆಂದು ತೆಗೆದು, ಬೇರೆ ಕಡೆ ಇಟ್ಟಿತು.

"ಯಾವ ಲೆಕ್ಕದಲ್ಲಿ ಜೋಡಿಸ್ತಿದೀಯಾ?" ಎಂದು ಅವಳು ಕೇಳಿದಳು.

ಕೈ ನಿಂತಿತು, ಯೋಚಿಸಿತು. ಹೇಳಬೇಕೋ ಬೇಡವೋ ಎಂದು ಅವಳನ್ನು ಅಳೆಯುತ್ತಿತ್ತು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದು.

ಆಯ್ತು ಮೇಸ್ತ್ರಿ. ಅವಳು ದಡಬಡಿಸಿ ಎದ್ದು ಸೆರಗು ಸರಿಪಡಿಸಿಕೊಂಡಳು. ಎದ್ದವಳ ಬಾಯಿಂದ, ಅವಳು ಕಳಿಸದೆಯೇ, ಮಾತು ಹೊರಟಿತು.

"ಮೇಸ್ತ್ರಿ, ಕೆಳಗೆ ಬಾಗಿಲಿಲ್ಲದ ಒಂದು ಹಲಗೆ ಬೇಕು. ಇಷ್ಟು ಎತ್ತರಕ್ಕೆ." ಅವಳ ಕೈ ಸೊಂಟಕ್ಕಿಂತ ಕೆಳಗೆ ಗಾಳಿಯಲ್ಲಿ ನಿಂತಿತು. "ಅದರ ಕೆಳಗೆ ಇನ್ನೊಂದು. ಪಕ್ಕದ ಬಾಗಿಲಿಗೆ ಬೆರಳು ಸಿಕ್ಕದ ಹಾಗೆ ನಿಧಾನಕ್ಕೆ ಮುಚ್ಕೊಳ್ಳೋ ಕೀಲು ಬರುತ್ತಲ್ಲ, ಅದು ಹಾಕಿ."

ಮೇಸ್ತ್ರಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದ. "ಏನಿಡಕ್ಕೆ ಅಕ್ಕಾ?"

ಪರದೆ ಅಕ್ಕ ನೆಲದ ಮೇಲಿನ ಬಟ್ಟೆಯ ಕಡೆ ನೋಡಿದಳು. "ಬಟ್ಟೆ ಚೂರು."

"ಆಯ್ತು." ಕಾಗದದ ಮೇಲೆ ದಪ್ಪಕ್ಷರದಲ್ಲಿ 'ಬಟ್ಟೆ ಚೂರು' ಎಂದು, ಪಕ್ಕದ ಬಾಗಿಲಿನ ಮೂಲೆಯಲ್ಲಿ ಸಣ್ಣಗೆ 'ಬೆರಳು ಸಿಕ್ಕದ ಕೀಲು' ಎಂದು ಬರೆದ. ಹಲಗೆಗೆ ಜಾಗ ಮಾಡಲು ಟಿವಿಯ ಕಾಗದವನ್ನು ಮೇಲಕ್ಕೆ ಸರಿಸಿ ಅಂಟಿಸಿದ.

"ಯಾಕೆ ಏನು ಅಂತ ಅವರ ಹತ್ರ ಮಾತು ಬೆಳೆಸ್ಬೇಡಿ."

"ಛೇ ಛೇ. ನನ್ನ ಬಾಯಿಗೆ ಬೀಗ."

ಆ ಸಂಜೆ ಗಂಡ ಬಂದು ಚಪ್ಪಲಿ ಬಿಡುತ್ತಲೇ ಗೋಡೆ ನೋಡಿದ. ಹತ್ತಿರ ಹೋಗಿ ಬಗ್ಗಿ 'ಬಟ್ಟೆ ಚೂರು' ಎಂಬುದನ್ನು ಓದಿದ. ಎರಡೇ ಪದಗಳನ್ನು ಓದಲು ಯಾರಿಗೂ ಅಷ್ಟು ಹೊತ್ತು ಬೇಕಾಗುವುದಿಲ್ಲ. ಆಮೇಲೆ ಸೋಫಾದ ತನ್ನ ಮೂಲೆಯಲ್ಲಿ ಕೂತು ಕಾಲ ಬೆರಳುಗಳನ್ನು ನೋಡಿಕೊಂಡ. ಹೊಲಿಗೆ ಕೆಲಸ ಜಾಸ್ತಿ ಮಾಡ್ತೀಯಾ ಎಂದು ಕೇಳಿದ. ಹೂಂ, ನೋಡ್ಬೇಕು ಎಂದಳು ಅವಳು. ಒಳ್ಳೇದು ಎಂದ. ಆ ಒಳ್ಳೇದು ಎಷ್ಟು ಸಣ್ಣ ದನಿಯಲ್ಲಿತ್ತೆಂದರೆ, ಅವಳು ಅದನ್ನು ಟಿವಿ ಮೇಲಕ್ಕೆ ಸರಿದದ್ದರ ಬೇಸರವೆಂದುಕೊಂಡಳು.

ಮರುದಿನ ಅವಳು ಬೇಕೆಂದೇ ಬೇಗ ನೆಲಕ್ಕಿಳಿದಳು. ಬಟ್ಟೆ ಕತ್ತರಿಸಲು ಅಂತಲೇ ಹೇಳಿಕೊಂಡಳು. ತನಗೆ ತಾನೇ ಸುಳ್ಳು ಹೇಳುವುದರಲ್ಲಿ ಅವಳೂ ಏನು ಕಡಿಮೆಯಲ್ಲ. ಮೇಜಿನ ಮೇಲಿನ ನಿಜವಾದ ಟಿವಿಯ ಕಪ್ಪು ಗಾಜಿನಲ್ಲಿ ಕೋಣೆಯೆಲ್ಲ ಕಾಣುತ್ತಿತ್ತು. ಬಹಳ ದೂರದಲ್ಲಿ, ನೀಲಿ ನೀರಿನಂಥ ಬಟ್ಟೆಯ ನಡುವೆ ಒಬ್ಬ ಪುಟ್ಟ ಹೆಂಗಸು ಕೂತಿದ್ದಳು. ಅದು ತಾನೇ ಎಂದು ಅವಳಿಗೆ ತಿಳಿದಿತ್ತು, ಆದರೂ ಪರಿಚಯವಿಲ್ಲದವರನ್ನು ನೋಡುವ ಹಾಗೆ ನೋಡಿದಳು. ಆ ಹೆಂಗಸು ಸರಿಯಾಗಿ ನಡುವೆಯೇ ಕೂತುಬಿಟ್ಟಿದ್ದಾಳೆ, ಇನ್ನೊಬ್ಬರು ಕೂರಲು ಜಾಗವಿಲ್ಲ ಅನ್ನಿಸಿತು. ಅವಳು ಸ್ವಲ್ಪ ಪಕ್ಕಕ್ಕೆ ಸರಿದಳು. ಗಾಜಿನೊಳಗೆ, ನೀಲಿ ಬಟ್ಟೆಯ ಮೇಲೆ, ಒಂದು ಮಗು ಕೂರುವಷ್ಟು ಜಾಗ ಖಾಲಿಯಾಯಿತು. ಆ ಖಾಲಿ ಜಾಗವನ್ನು ನೋಡುತ್ತ ನೋಡುತ್ತ ಹೊತ್ತು ಎಲ್ಲಿ ಹೋಯಿತೋ. ಗಾಳಿಗೋಪುರ ಕಟ್ಟುವವರು ಸಾಮಾನ್ಯವಾಗಿ ಎತ್ತರಕ್ಕೆ ಕಟ್ಟುತ್ತಾರೆ. ಇವಳು ನೆಲಮಟ್ಟದಲ್ಲೇ ಕಟ್ಟುತ್ತಿದ್ದಳು: ಇಲ್ಲಿ ಚಪ್ಪಲಿ ಬಿಡುತ್ತಾಳೆ, ಇಲ್ಲಿ ನೀರು ಚೆಲ್ಲುತ್ತಾಳೆ, ಈ ಹಲಗೆಯ ಕೆಳಗೆ ಅಡಗಿಕೊಂಡು ತಾನು ಯಾರಿಗೂ ಕಾಣುತ್ತಿಲ್ಲ ಎಂದುಕೊಳ್ಳುತ್ತಾಳೆ. ಕಾಣುತ್ತಿಲ್ಲವೆಂಬಂತೆ ನಾನೂ ಹುಡುಕುತ್ತೇನೆ.

ಮಧ್ಯಾಹ್ನ ಮೇಸ್ತ್ರಿ ಬಂದು, ಅವಳು ಕೇಳದೆಯೇ, ಅವಳ ಹಲಗೆಗಳ ಪಕ್ಕಕ್ಕೆ ಅಗಲವಾದ ಹೊಸ ಕಾಗದ ಅಂಟಿಸಿದ. ನೆಲಕ್ಕೆ ತಾಗುವಂಥ ದೊಡ್ಡ ಡ್ರಾಯರುಗಳು. ಟಿವಿಯ ಕಾಗದ ಇನ್ನೂ ಮೇಲೆ ಹೋಯಿತು.

"ಇದೇನು?" ಎಂದಳು.

"ಸಾರ್ ಹೇಳಿದ್ದು. ಬೆಳಿಗ್ಗೆ ನನ್ನ ಶೆಡ್ಡಿಗೆ ಬಂದಿದ್ರು." ಅಷ್ಟು ಹೇಳಿ ತುಟಿ ಕಚ್ಚಿಕೊಂಡು ಕಾಗದದ ಮೇಲೆ ಬರೆದ: 'ಟೂಲ್ಸ್'.

ಸ್ಪ್ಯಾನರು, ಸುತ್ತಿಗೆ, ಗ್ರೀಸಿನ ಡಬ್ಬ. ಲಿಫ್ಟಿನ ಹಳೇ ಸರಪಣಿಗಳು. ಅವು ಇಷ್ಟು ದಿನ ಬಾಲ್ಕನಿಯ ಪೆಟ್ಟಿಗೆಯಲ್ಲಿ ಸುಖವಾಗಿಯೇ ಇದ್ದವಲ್ಲ? ನೆಲಮಟ್ಟದ ಜಾಗವನ್ನೆಲ್ಲ ಕಬ್ಬಿಣಕ್ಕೆ ಬರೆದುಕೊಟ್ಟವನು ಆ ಫೋನಿಗೆ ಏನು ಉತ್ತರ ಕೊಡುತ್ತಾನೆ ಎಂದು ಇನ್ನು ಬಾಯಿಬಿಟ್ಟು ಕೇಳಬೇಕೆ? ಅವನು ಹೇಳಿಯಾಯಿತು. ಅವನ ರೀತಿಯಲ್ಲಿ, ಅರ್ಧ ಬಾಯೊಳಗೇ ಇಟ್ಟುಕೊಂಡು. ಮೇಸ್ತ್ರಿ ಹೋದ ಮೇಲೆ ಅವಳು ಬಟ್ಟೆ ಮಡಚಿಟ್ಟು ಅತ್ತಳು. ಅತ್ತದ್ದು ಜಗಳಕ್ಕಲ್ಲ, ಕೋಪಕ್ಕೂ ಅಲ್ಲ. ಆ ಪುಟ್ಟ ಕೈ ಗುಂಡಿಗಳನ್ನು ಯಾವ ಲೆಕ್ಕದಲ್ಲಿ ಜೋಡಿಸುತ್ತಿತ್ತೆಂದು ಇನ್ನು ತಿಳಿಯುವುದೇ ಇಲ್ಲವಲ್ಲ ಎಂದು ಅತ್ತಳು.

ಆದರೂ ಕಪಾಟಿನ ಮೇಲಿನ ಆಸೆ ಬಿಡಲಿಲ್ಲ. ಶುಕ್ರವಾರ ಮೇಸ್ತ್ರಿಯ ಬಳಿ ಇನ್ನೂ ಒಂದು ಹಲಗೆ ಕೇಳಿದಳು. ಅವನು ಆಯ್ತು ಅಂದ. ಅವನು ಬೇರೆಲ್ಲೋ ಇನ್ನೂ ಒಂದು ಆಯ್ತು ಅಂದು ಬಂದಿದ್ದನೆಂದು ತೋರುತ್ತದೆ. ಡ್ರಾಯರಿನ ಕಾಗದವೂ ಒಂದು ಹೆಚ್ಚಿತು.

ಶನಿವಾರ ಬೆಳಿಗ್ಗೆ ಗಂಡ ಕೆಲಸಕ್ಕೆ ಹೋಗಲಿಲ್ಲ. ಫೋನು ಸೋಫಾದ ಮೇಲೆ ಇಬ್ಬರ ನಡುವೆ ಮಗುಚಿ ಬಿದ್ದಿತ್ತು. ಮೇಸ್ತ್ರಿ ಬಂದವನೇ ಕೊನೆಯ ಸಲ ರಸಮಟ್ಟ ಹಿಡಿದು, ಕಾಗದಗಳನ್ನೆಲ್ಲ ನೇರ ಮಾಡಿ, ನಿಟ್ಟುಸಿರು ಬಿಟ್ಟು ಪಕ್ಕಕ್ಕೆ ನಿಂತ.

"ನೋಡಿ ಸಾರ್, ನೋಡಿ ಅಕ್ಕಾ. ಇದೇ ಪಕ್ಕಾನಾ? ಆಮೇಲೆ ನನ್ನ ಬೈಬಾರ್ದು."

ಇಬ್ಬರೂ ಸೋಫಾದಲ್ಲಿ ಕೂತು ನೋಡಿದರು. ಟಿವಿಯ ಕಾಗದ ಸೂರಿಗೆ ಗೇಣುದ್ದ ದೂರದಲ್ಲಿತ್ತು. ಅದನ್ನು ನೋಡಲು ಇಬ್ಬರೂ ಒಟ್ಟಿಗೆ ಕತ್ತು ಹಿಂದಕ್ಕೆ ಚಾಚಿದರು. ತಲೆ ಸೋಫಾದ ಬೆನ್ನಿಗೆ ತಾಗಿತು.

"ಇದನ್ನ ಮಲಕ್ಕೊಂಡು ನೋಡ್ಬೇಕಾ?" ಎಂದ ಗಂಡ.

"ನೀವೇ ಕೇಳಿದ್ರಲ್ಲ. ಕೆಳಗೆ ಜಾಗ ಬೇಕು, ಕೆಳಗೆ ಜಾಗ ಬೇಕು ಅಂದ್ರೆ ಟಿವಿ ಎಲ್ಲಿಗ್ ಹೋಗ್ಬೇಕು ಪಾಪ? ಮೇಲಿನ ಮನೆಯವರು ಒಪ್ಪಿದ್ರೆ ಅವರ ನೆಲ ಕೊರೆದು ಇನ್ನೂ ಮೇಲೆ ಕಳಿಸ್ತೀನಿ."

ಪರದೆ ಅಕ್ಕನಿಗೆ ನಗು ಬರಬೇಕಿತ್ತು, ಬರಲಿಲ್ಲ. "ಅವರ ಸುತ್ತಿಗೆ ಸ್ಪ್ಯಾನರಿಗೆ ಅಷ್ಟು ದೊಡ್ಡ ಡ್ರಾಯರ್ ಯಾಕೆ? ಅದನ್ನ ಕಡಿಮೆ ಮಾಡಿ," ಎಂದಳು ಮೇಸ್ತ್ರಿಯ ಕಡೆ ತಿರುಗಿ. ಗಂಡನ ಕಡೆ ತಿರುಗಿದರೆ ದನಿ ಒಡೆಯುತ್ತಿತ್ತು.

"ಬಟ್ಟೆ ಚೂರಿಗೆ ಮೂರು ಹಲಗೆ ಇದೆ," ಎಂದ ಗಂಡ, ಅವನೂ ಮೇಸ್ತ್ರಿಗೇ.

ಮೇಸ್ತ್ರಿ ಒಮ್ಮೆ ಇವಳನ್ನು ನೋಡಿದ, ಒಮ್ಮೆ ಅವನನ್ನು. ಹಿಂದೆ ಅತ್ತೆ ಸೊಸೆಯರ ನಡುವೆ ಸಿಕ್ಕಿಬಿದ್ದ ನೆನಪು ಮುಖದ ಮೇಲೆ ಹಾದುಹೋಯಿತು. "ಹಾಗಾದ್ರೆ ಡ್ರಾಯರಿನ ಮೂಲೆ ಗುಂಡಗೆ ಮಾಡೋದು ಬಿಡ್ಲಾ ಸಾರ್? ಅದ್ರಲ್ಲೂ ಸ್ವಲ್ಪ ಜಾಗ ಉಳಿಯತ್ತೆ."

"ಬೇಡ ಬೇಡ," ಎಂದ ಗಂಡ ತಟ್ಟನೆ. "ಮೂಲೆ ಗುಂಡಗೇ ಇರಲಿ."

ಪರದೆ ಅಕ್ಕ ನಿಧಾನವಾಗಿ ಅವನ ಕಡೆ ತಿರುಗಿದಳು. ಮೂಲೆ ಗುಂಡಗೆ ಎಂಬ ಮಾತು ಅವಳಿಗೆ ಇದೇ ಮೊದಲ ಸಲ ಕೇಳಿಸಿದ್ದು.

"ಟೂಲ್ಸಿಗೆ ಯಾಕ್ರೀ ಗುಂಡಗಿನ ಮೂಲೆ?"

ಅವನ ಕಿವಿ ಕೆಂಪಾಯಿತು. ಆಮೇಲೆ ಗೋಡೆಯ ಕಡೆಗೇ ನೋಡುತ್ತ, ಬಾಗಿಲಿನ ಮೂಲೆಯ ಸಣ್ಣ ಅಕ್ಷರಗಳನ್ನು ಆಗಷ್ಟೇ ಓದಿ ಕೇಳಿದ: "ಬಟ್ಟೆ ಚೂರಿಗೆ ಯಾಕೆ ಬೆರಳು ಸಿಕ್ಕದ ಕೀಲು?"

ಫ್ಯಾನು ತಿರುಗುತ್ತಿತ್ತು. ಕಾಗದಗಳು ಉಬ್ಬಿದವು, ಇಳಿದವು. ಮೇಸ್ತ್ರಿ, ಅವನ ಜೀವಮಾನದಲ್ಲೇ ಅಪರೂಪಕ್ಕೆ, ಆಯ್ತು ಅನ್ನದೆ ನಿಂತಿದ್ದ.

"ಆ ಡ್ರಾಯರಲ್ಲಿ ಏನಿಡ್ಬೇಕು ಅಂತಿದ್ರಿ?" ಎಂದಳು ಅವಳು. ದನಿ ಒಡೆಯಿತು, ಒಡೆಯಲಿ ಅಂದುಕೊಂಡಳು.

"ಆಟದ ಸಾಮಾನು," ಎಂದ. ಆಮೇಲೆ, ಇಷ್ಟು ವರ್ಷ ಬಾಯೊಳಗೆ ಉಳಿಸಿಕೊಂಡಿದ್ದ ಅರ್ಧಗಳೆಲ್ಲ ಒಟ್ಟಿಗೆ ಹೊರಬಂದವು. "ನಂಗೆ ಬೇಕು ಕಣೇ. ಫೋನು ಬಂದ ದಿನದಿಂದ ನಂಗೆ ಬೇರೆ ಏನೂ ತಲೇಲಿಲ್ಲ. ಲಿಫ್ಟಲ್ಲಿ ಯಾರಾದ್ರೂ ಮಗು ಎತ್ಕೊಂಡು ಹತ್ತಿದ್ರೆ ಅದರ ಕಾಲೇ ನೋಡ್ತಾ ಇರ್ತೀನಿ, ನಾಲ್ಕು ವರ್ಷದ್ದು ಇಷ್ಟಿರತ್ತಾ ಅಂತ. ಆದ್ರೆ ಹೋದ ಸಲ ನೋವು ತಿಂದಿದ್ದು ನೀನು. ನಾನು ಮೊದ್ಲು ಬೇಕು ಅಂದ್ರೆ ನೀನು ನನಗೋಸ್ಕರ ಹೂಂ ಅಂತೀಯ ಅಂತ ಸುಮ್ನಿದ್ದೆ. ಆಮೇಲೆ ಇಲ್ಲಿ ಬಟ್ಟೆ ಚೂರು ಅಂತ ಓದಿದೆ. ಮುಗೀತು, ಇವಳು ಬೇಡ ಅಂತಿದಾಳೆ ಅಂದ್ಕೊಂಡೆ. ಆದ್ರೂ ಕಾಗದದಲ್ಲಾದ್ರೂ ಇರಲಿ ಅಂತ ಡ್ರಾಯರ್ ಬರೆಸ್ದೆ."

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಒಟ್ಟಿಗೆ ಬಂದವು. ತಾವಿಬ್ಬರೂ ಸೇರಿ ಬಚ್ಚಿಟ್ಟಿದ್ದನ್ನು ಒಬ್ಬರಿಗೊಬ್ಬರು ಕಾಣದ ಹಾಗೆ ಇಡೀ ಗೋಡೆಯ ಮೇಲೆ ನಿಜವಾದ ಅಳತೆಯಲ್ಲಿ ಅಂಟಿಸಿಕೊಂಡು ಕೂತಿದ್ದರು. ಇಂಥ ದಡ್ಡರು ಲೋಕದಲ್ಲಿ ಇನ್ನೆಲ್ಲಾದರೂ ಇದ್ದಾರೆಯೇ?

"ನಂಗೂ ಬೇಕು," ಎಂದಳು. "ನಿಮಗೋಸ್ಕರ ಅಲ್ಲ. ನಂಗೇ ಬೇಕು."

ಅವನು ಅವಳ ಕೈ ಹಿಡಿದುಕೊಂಡ. ಮೇಸ್ತ್ರಿ ಗೋಡೆ ಕಡೆ ತಿರುಗಿ ಸುಮ್ಮನೆ ಒಂದು ನೇರ ಗೆರೆಯ ಮೇಲೆ ಇನ್ನೊಂದು ನೇರ ಗೆರೆ ಎಳೆದ. ಆಮೇಲೆ ಹೇಳಿದ: "ಟಿವೀನ ಕೆಳಗಿಳಿಸಿ ಆ ಕಡೆ ಹಾಕ್ತೀನಿ. ಕಿಟಕಿ ಪಕ್ಕದ ಇಷ್ಟಗಲ ಪೂರ್ತಿ ಮಗೂಗೆ ಇರಲಿ. ಆದ್ರೆ ಹಲಗೆ ಎಷ್ಟು ಎತ್ತರಕ್ಕೆ ಹಾಕ್ಬೇಕು? ನೀವು ಗಾಳೀಲಿ ಕೈ ತೋರ್ಸಿದ್ದೀರಿ ಅಷ್ಟೇ."

"ನಾಲ್ಕು ವರ್ಷ ಅಂದ್ರೆ ಸುಮಾರು..." ಎಂದು ಗಂಡ ತನ್ನ ತೊಡೆಯ ಪಕ್ಕ ಕೈ ಇಟ್ಟು ನೋಡಿದ.

"ಸುಮಾರು ಅಳತೇಲಿ ನಾನು ಒಂದು ದಿಂಬಿನ ಚೀಲಾನೂ ಹೊಲಿದವಳಲ್ಲ," ಎಂದಳು ಪರದೆ ಅಕ್ಕ. "ಫೋನ್ ಮಾಡಿ. ಕೇಳಿ."

ಅವನು ಫೋನು ಎತ್ತಿಕೊಂಡ. ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿನಲ್ಲಿ ಹಾಕಿದ. ಮಕ್ಕಳ ಮನೆಯ ಮೇಲ್ವಿಚಾರಕಿ ಹಲೋ ಅಂದ ಕೂಡಲೇ, ತಾನು ಯಾರು ಏನು ಎಂದು ತಡವರಿಸಿ, ನೇರ ವಿಷಯಕ್ಕೇ ಹಾರಿದ: "ಆ ಮಗು ಎಷ್ಟು ಎತ್ತರ ಇದೆ ಮೇಡಂ?"

"ಯಾಕೆ ಸಾರ್? ಎತ್ತರ ಕಮ್ಮಿ ಇದ್ರೆ ಬೇಡ್ವಾ?" ಆ ಕಡೆಯ ದನಿ ಬಿಗಿಯಾಗಿತ್ತು.

"ಅಯ್ಯೋ, ಹಾಗಲ್ಲ!" ಎಂದು ಅವಳು ಫೋನನ್ನು ಕಿತ್ತುಕೊಂಡಳು. "ನಮ್ಮನೇಲಿ ಅವಳಿಗೆ ಕಪಾಟು ಮಾಡಿಸ್ತಿದೀವಿ ಮೇಡಂ. ಮೇಸ್ತ್ರಿ ಇಲ್ಲೇ ನಿಂತಿದಾರೆ. ಅವಳ ಕೈ ಎಲ್ಲಿವರೆಗೆ ಎಟಕುತ್ತೆ ಅಂತ ಗೊತ್ತಾಗ್ಬೇಕು. ಅವಳ ಸಾಮಾನು ಅವಳೇ ತಗೊಳ್ಳೋ ಹಾಗಿರ್ಬೇಕು."

"ತಡೀರಿ," ಎಂದರು ಮೇಲ್ವಿಚಾರಕಿ, ಮೆತ್ತಗಿನ ದನಿಯಲ್ಲಿ.

ಕುರ್ಚಿ ಸರಿದ ಸದ್ದು. ಹೆಜ್ಜೆಗಳು. ಎಷ್ಟೋ ಮಕ್ಕಳ ಗಲಾಟೆಯ ನಡುವೆ ಒಂದು ಬಾಗಿಲು ತೆರೆದುಕೊಂಡಿತು. "ಬಾ ಪುಟ್ಟಾ, ಈ ಗೋಡೆಗೆ ಬೆನ್ನು ಕೊಟ್ಟು ನಿಂತ್ಕೋ. ಕೈ ಮೇಲೆತ್ತು. ಇನ್ನೂ. ತುದಿಗಾಲಲ್ಲಿ ನಿಲ್ಬಾರ್ದು."

"ಯಾಕೆ?" ಎಂದಿತು ಒಂದು ದನಿ. ಸಣ್ಣ ದನಿ, ಆದರೆ ಹೆದರಿದ್ದಲ್ಲ. ಕಾರಣ ಗೊತ್ತಾಗದೆ ಕೈ ಎತ್ತುವವರ ಜಾತಿಯದಲ್ಲ.

"ಒಬ್ಬರ ಮನೇಲಿ ನಿಂಗೆ ಕಪಾಟು ಮಾಡಿಸ್ತಿದಾರಂತೆ. ನೀನು ಎಷ್ಟು ಎತ್ತರ ಅಂತ ಕೇಳ್ತಿದಾರೆ."

ಈಚೆ ಮನೆಯಲ್ಲಿ ಮೂವರೂ ಫೋನಿನ ಕಡೆ ಬಗ್ಗಿದರು. ಆಚೆ ಆ ದನಿ ಯೋಚಿಸುತ್ತಿತ್ತು. ಆಮೇಲೆ, ಬಹಳ ಮುಖ್ಯವಾದದ್ದೊಂದನ್ನು ದೊಡ್ಡವರು ಮರೆತಿದ್ದಾರೆ, ನೆನಪಿಸಬೇಕು ಅನ್ನುವಂತೆ ಹೇಳಿತು:

"ನಾನಿನ್ನೂ ಬೆಳೀತೀನಿ ಅಂತ ಹೇಳಿ ಅವ್ರಿಗೆ."

ಪರದೆ ಅಕ್ಕ ಫೋನನ್ನು ಎದೆಗೊತ್ತಿಕೊಂಡಳು. ಕಣ್ಣೀರು ಗಲ್ಲದಿಂದ ಕುತ್ತಿಗೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. "ಬೆಳೀತಾಳಂತೆ," ಎಂದಳು ಮೇಸ್ತ್ರಿಗೆ, ಅವನಿಗೆ ಕೇಳಿಸಿಲ್ಲವೇನೋ ಅನ್ನುವ ಹಾಗೆ.

ಮೇಸ್ತ್ರಿ ಆಗ ತಾನೇ ಎಳೆದಿದ್ದ ಗೆರೆಯನ್ನು ಹೆಬ್ಬೆರಳಿನಿಂದ ಉಜ್ಜಿ ಅಳಿಸಿದ. "ಹಾಗಾದ್ರೆ ಹಲಗೇನ ಮೊಳೆ ಹೊಡೆದು ಕೂರ್ಸೋದು ಬೇಡ. ಎರಡೂ ಪಕ್ಕ ಸಾಲಾಗಿ ತೂತು ಕೊರೀತೀನಿ, ಗೂಟ ಹಾಕಿ ಅದರ ಮೇಲೆ ಹಲಗೆ ಇಡೋಣ. ಅವಳು ಎತ್ತರ ಆದ ಹಾಗೆ ಒಂದೊಂದು ತೂತು ಮೇಲೆ ಸರಿಸ್ಕೊಳ್ಳಿ. ಎಲ್ಲಿವರೆಗೆ ಕೊರೀಲಿ ಸಾರ್?"

ಗಂಡ ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

"ಸೂರಿನವರೆಗೂ ಕೊರೀರಿ," ಎಂದ.